ನಿಮಗಿದು ಗೊತ್ತೇ? ನೋಡದಿದ್ದಾಗ ಚಂದ್ರ ಎಲ್ಲಿರುತ್ತಾನೆ!

ಕೈಯಲ್ಲಿರುವ ಈ ಪತ್ರಿಕೆಯನ್ನು ಒಮ್ಮೆ ಮುಚ್ಚಿ. ಒಳಗೀಗ ಕತ್ತಲು. ಹಾಗಾದರೆ ಒಳಗಿನ ಚಿತ್ರದ ಕೆಂಪು ಈಗಲೂ ಕೆಂಪಾಗಿಯೇ ಇದೆಯೇ? ತೆರೆದು ನೋಡುತ್ತೇನೆ ಎನ್ನಬೇಡಿ. ತೆರೆದರೆ ಬೆಳಕು ಬಿದ್ದುಬಿಡುತ್ತದೆ! ಇಷ್ಟೇ ಇಷ್ಟು ಪ್ರಶ್ನೆ. ನಾವು ಕಂಡರೂ ಕಾಣದಿದ್ದರೂ ವಸ್ತುಗಳು ತಮ್ಮಷ್ಟಕ್ಕೆ ತಾವು ಇರುತ್ತವೆಯೇ? ಇದರ ಬೆನ್ನು ಹತ್ತಿ ದೊಡ್ಡ ದೊಡ್ಡವರು ಎರಡು ಸಾವಿರ ವರ್ಷಗಳಿಂದ ವಾದ ಮಾಡುತ್ತಲೇ ಇದ್ದಾರೆ!

ಅಮೆರಿಕದ ಪ್ರಿನ್ಸ್‌ಟನ್. ಐನ್‌ಸ್ಟೀನ್ ತಮ್ಮ ಕಿರಿಯ ಗೆಳೆಯ, ಭೌತವಿಜ್ಞಾನಿ ಅಬ್ರಹಾಂ ಪೈಸ್ ಜೊತೆ ನಡೆದು ಹೋಗುತ್ತಿದ್ದರು. ಇದ್ದಕ್ಕಿದ್ದಂತೆ ನಿಂತುಬಿಟ್ಟರು. ನೀನು ನೋಡಿದಾಗ ಮಾತ್ರ ಚಂದ್ರ ಇರುತ್ತಾನೆಂದು ನಿಜಕ್ಕೂ ನಂಬುತ್ತೀಯಾ ಎಂದು ಕೇಳಿದರು. ಇದನ್ನು ಪೈಸ್ ಅವರೇ ಬರೆದಿಟ್ಟಿದ್ದಾರೆ. ಕೇಳಿದ್ದು ಮಗುವಲ್ಲ, ಐನ್‌ಸ್ಟೀನ್!

ಅದಕ್ಕೂ ಬಹಳ ಹಿಂದೆ, 1710ರಲ್ಲಿ, ಐರ್ಲೆಂಡಿನ ಜಾರ್ಜ್ ಬರ್ಕ್ಲಿ ಒಂದು ಪುಸ್ತಕ ಬರೆದರು. ಜಡವಸ್ತು ಎನ್ನುವುದೇ ಇಲ್ಲ ಎಂದುಬಿಟ್ಟರು. ಮೇಜು, ಮರ, ಗುಡ್ಡ, ಹೊಳೆ ಎಲ್ಲವೂ ಮನಸ್ಸಿಗೆ ತೋರುವ ತೋರಿಕೆಗಳು. ತೋರುವುದೇ ಅವುಗಳ ಇರವು. ಆಗ ಬರ್ಕ್ಲಿಯ ವಯಸ್ಸೆಷ್ಟು ಗೊತ್ತೇ? ಬರೀ 25!

ಹಾಗಾದರೆ ಬೀಗ ಹಾಕಿದ ಕೋಣೆಯೊಳಗಿನ ಕುರ್ಚಿಯ ಗತಿ? ಬರ್ಕ್ಲಿ ಬಳಿ ಉತ್ತರ ಸಿದ್ಧವಿತ್ತು. ನಾವು ನೋಡದಿದ್ದರೇನು, ದೇವರ ಅರಿವಿನಲ್ಲಿ ಅದು ಸದಾ ಇರುತ್ತದೆ. ಆದ್ದರಿಂದ ಕುರ್ಚಿ ಎಲ್ಲಿಗೂ ಹೋಗುವುದಿಲ್ಲ! ಹೀಗೆ ಹೇಳಿದವರು ಮುಂದೆ ಬಿಷಪ್ ಆದರು ಎಂದರೆ ನಿಮಗೆ ಅಚ್ಚರಿಯಾಗಲಿಕ್ಕಿಲ್ಲ.

ಯಾರೂ ಇಲ್ಲದ ಕಾಡಿನಲ್ಲಿ ಮರ ಬಿದ್ದರೆ ಸದ್ದಾಗುತ್ತದೆಯೇ? ಈ ಪ್ರಶ್ನೆ ಬರ್ಕ್ಲಿಯದೇ ಎಂದು ಬಹಳ ಮಂದಿ ಹೇಳುತ್ತಾರೆ. ಅವರ ಪುಸ್ತಕದಲ್ಲಿ ಯಾರೂ ನೋಡದ ಮರಗಳ ಮಾತೇನೋ ಇದೆ. ಬೀಳುವ ಮರದ ಸದ್ದಿನ ಪ್ರಶ್ನೆ ಮಾತ್ರ ಆ ರೂಪದಲ್ಲಿ ಇಲ್ಲವೇ ಇಲ್ಲ!

1763ರ ಆಗಸ್ಟ್ 6. ಇಂಗ್ಲೆಂಡಿನ ಹಾರಿಚ್ ಎಂಬ ಬಂದರಿನ ಊರು. ನಿಘಂಟಿನಿಂದ ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್ ಇಗರ್ಜಿಯಿಂದ ಹೊರಗೆ ಬಂದರು. ಬರ್ಕ್ಲಿ ಹೇಳಿದ್ದು ಸುಳ್ಳೆನಿಸಿದರೂ ಅದನ್ನು ಸುಳ್ಳೆಂದು ತೋರಿಸಲಾಗದು ಎಂದರು ಗೆಳೆಯ ಬಾಸ್ವೆಲ್. ಜಾನ್ಸನ್ ಎದುರಿಗಿದ್ದ ದೊಡ್ಡ ಕಲ್ಲನ್ನು ಝಾಡಿಸಿ ಒದ್ದರು. ಒದ್ದ ರಭಸಕ್ಕೆ ತಾವೇ ಹಿಂದಕ್ಕೆ ಬಂದರು. ಇದೇ ನನ್ನ ಖಂಡನೆ ಎಂದರು! ತಮಾಷೆ ಏನೆಂದರೆ, ಕಾಲಿಗಾದ ಪೆಟ್ಟು ಇಲ್ಲವೆಂದು ಬರ್ಕ್ಲಿ ಯಾವತ್ತೂ ಹೇಳಿರಲಿಲ್ಲ. ಪೆಟ್ಟೂ ತೋರಿಕೆಯೇ ಅಲ್ಲವೇ!

ಕಾಲಿನ ನಂತರ ಕೈ. 1939ರಲ್ಲಿ ಜಿ. ಇ. ಮೂರ್ ಎಂಬ ತತ್ತ್ವಜ್ಞಾನಿ ವಿದ್ವಾಂಸರ ಎದುರು ಹೊರಜಗತ್ತು ಇದೆ ಎಂದು ರುಜುವಾತು ಮಾಡಲು ನಿಂತರು. ಹೇಗೆ? ಒಂದು ಕೈ ಎತ್ತಿ ತೋರಿಸಿದರು. ಇಗೋ ಒಂದು. ಇನ್ನೊಂದು ಎತ್ತಿದರು. ಇಗೋ ಇನ್ನೊಂದು. ಕೈ ಇದ್ದರೆ ಹೊರಗೆ ವಸ್ತು ಇದ್ದಂತೆ. ಮುಗಿಯಿತು! ಈ ಎರಡು ಕೈಗಳ ಮೇಲೆ ತತ್ತ್ವಶಾಸ್ತ್ರದವರು ಇಂದಿಗೂ ಬರೆಯುತ್ತಿದ್ದಾರೆ.

ಗೆಲಿಲಿಯೊ ಹಕ್ಕಿಯ ಗರಿ ಹಿಡಿದು ಈ ವಾದಕ್ಕೆ ಇಳಿದಿದ್ದರು, ಗೊತ್ತೇ? 1623ರ ಅವರ ಪುಸ್ತಕದಲ್ಲಿ ಇದು ಬರುತ್ತದೆ. ಗರಿಯನ್ನು ಮೂಗಿನ ಬಳಿ ಆಡಿಸಿದರೆ ಕಚಗುಳಿ. ಕಚಗುಳಿ ಗರಿಯಲ್ಲಿದೆಯೇ? ಅಮೃತಶಿಲೆಯ ಪ್ರತಿಮೆಗೆ ಅದೇ ಗರಿ ಮುಟ್ಟಿಸಿ, ಏನೂ ಇಲ್ಲ! ರುಚಿ, ವಾಸನೆ, ಬಣ್ಣ ಎಲ್ಲವೂ ಕಚಗುಳಿಯ ಹಾಗೆಯೇ ಎಂದರು ಗೆಲಿಲಿಯೊ. ಜೀವಿಗಳನ್ನೆಲ್ಲ ತೆಗೆದುಬಿಟ್ಟರೆ ಲೋಕದಲ್ಲಿ ಸಿಹಿಯೂ ಇಲ್ಲ, ಕಂಪೂ ಇಲ್ಲ!

ಮನೆಯಲ್ಲೇ ಮಾಡಿ ನೋಡಿ. ಒಂದು ಕೈ ಬಿಸಿನೀರಿನಲ್ಲಿ, ಒಂದು ಕೈ ತಣ್ಣೀರಿನಲ್ಲಿ ಎರಡು ನಿಮಿಷ ಇಡಿ. ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿ. ಒಂದು ಕೈ ತಣ್ಣಗಿದೆ ಎನ್ನುತ್ತದೆ, ಇನ್ನೊಂದು ಬಿಸಿ ಎನ್ನುತ್ತದೆ. ನೀರು ಒಂದೇ, ಬೋಗುಣಿ ಒಂದೇ! ತತ್ತ್ವಜ್ಞಾನಿ ಜಾನ್ ಲಾಕ್ ಇದನ್ನು 1690ರಲ್ಲೇ ಬರೆದಿದ್ದರು.

ಅಡುಗೆಮನೆಗೆ ಬಂದದ್ದಾಯಿತಲ್ಲ, ಹಾಗೇ ಹೇಳಿ, ಖಾರ ಎಲ್ಲಿರುತ್ತದೆ? ಮೆಣಸಿನಕಾಯಿಯಲ್ಲಿ ಎಂದಿರಾ? ಅಲ್ಲಿರುವುದು ಕ್ಯಾಪ್ಸೇಸಿನ್ ಎಂಬ ರಾಸಾಯನಿಕ ಮಾತ್ರ. ನಮ್ಮ ನಾಲಿಗೆಯಲ್ಲಿ ಸುಡುವ ಬಿಸಿಯನ್ನು ಅರಿಯುವ ಪ್ರೋಟೀನ್ ಒಂದಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕ್ಯಾಪ್ಸೇಸಿನ್ ಅದೇ ಪ್ರೋಟೀನನ್ನು ಕೆಣಕುತ್ತದೆ. ಬೆಂಕಿಯೇ ಇಲ್ಲದೆ ಬಾಯಿಯೆಲ್ಲ ಉರಿ! ಈ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಅದೇ ಮೆಣಸಿನಕಾಯಿಯನ್ನು ಗಿಳಿ ಕಚ್ಚಿ ತಿನ್ನುತ್ತದೆ. ಬೀಜವನ್ನೂ ಬಿಡುವುದಿಲ್ಲ. ಹಕ್ಕಿಗಳ ದೇಹದಲ್ಲೂ ಅಂಥದೇ ಪ್ರೋಟೀನ್ ಇದೆ, ಆದರೆ ಕ್ಯಾಪ್ಸೇಸಿನ್‌ಗೆ ಅದು ಜಗ್ಗುವುದಿಲ್ಲ. ನಮಗೆ ಕಣ್ಣೀರು ತರಿಸುವ ಕಾಯಿ ಗಿಳಿಗೆ ಬರೀ ತರಕಾರಿ!

ಸಾರಿಗೆ ಕೊತ್ತಂಬರಿ ಸೊಪ್ಪು ಉದುರಿಸಿದರೆ ನಿಮಗೆ ಘಮಘಮ. ಪಕ್ಕದಲ್ಲಿ ಕುಳಿತವರು ಸೋಪಿನ ವಾಸನೆ ಎಂದು ಮುಖ ಸಿಂಡರಿಸಬಹುದು. ಅವರದು ಹಟವಲ್ಲ. ವಾಸನೆ ಹಿಡಿಯುವ ವಂಶವಾಹಿಯಲ್ಲಿನ ಸಣ್ಣ ವ್ಯತ್ಯಾಸಕ್ಕೂ ಇದಕ್ಕೂ ನಂಟಿದೆ! ಹಾಗಾದರೆ ಸೊಪ್ಪಿನ ‘ನಿಜವಾದ’ ವಾಸನೆ ಯಾವುದು? ನೀವೇ ಹೇಳಿ.

ಮೆಜೆಂಟಾ ಬಣ್ಣ ಗೊತ್ತಲ್ಲ, ಅಚ್ಚುಕೂಟದವರ ನಾಲ್ಕು ಶಾಯಿಗಳಲ್ಲಿ ಒಂದು? ಕಾಮನಬಿಲ್ಲಿನ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದರೂ ಅದು ಸಿಗುವುದಿಲ್ಲ. ಆ ಬಣ್ಣಕ್ಕೆಂದೇ ಬೆಳಕಿನ ಒಂದು ತರಂಗಾಂತರ ಇಲ್ಲವೇ ಇಲ್ಲ. ಕೆಂಪೂ ನೀಲಿಯೂ ಒಟ್ಟಿಗೆ ಕಣ್ಣಿಗೆ ಬಿದ್ದಾಗ ಮಿದುಳೇ ಅದನ್ನು ಕಲಸಿ ಕೊಡುತ್ತದೆ!

ಕಾಮನಬಿಲ್ಲಿನ ಮಾತು ಬಂತು. ಜೋಗದ ತುಂತುರಿನಲ್ಲಿ ಕಾಮನಬಿಲ್ಲು ಮೂಡಿದೆ ಎನ್ನಿ. ನೀವೂ ನಿಮ್ಮ ಗೆಳೆಯರೂ ಪಕ್ಕಪಕ್ಕ ನಿಂತು ನೋಡುತ್ತಿದ್ದೀರಿ. ಇಬ್ಬರೂ ನೋಡುವುದು ಒಂದೇ ಬಿಲ್ಲಲ್ಲ! ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ, ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿರುವ ಹನಿಗಳಷ್ಟೇ ನಿಮಗೆ ಕೆಂಪು ಕಳಿಸುತ್ತವೆ. ಗೆಳೆಯರಿಗೆ ಬೇರೆ ಹನಿಗಳು. ಅಷ್ಟೇಕೆ, ನಿಮ್ಮ ಎಡಗಣ್ಣಿಗೆ ಒಂದು ಬಿಲ್ಲು, ಬಲಗಣ್ಣಿಗೆ ಇನ್ನೊಂದು. ಹತ್ತಿರ ಹೋದರೆ ಸಿಗುವುದಿಲ್ಲ, ಏಕೆಂದರೆ ಅದು ಯಾವ ಜಾಗದಲ್ಲೂ ಇಲ್ಲ. ಆದರೂ ಫೋಟೊದಲ್ಲಿ ಬೀಳುತ್ತದೆ! ನನ್ನನ್ನು ಕೇಳಿದರೆ ಈ ಇಡೀ ಚರ್ಚೆಗೆ ಇದಕ್ಕಿಂತ ಸೊಗಸಾದ ಉದಾಹರಣೆ ಇಲ್ಲ.

ಜೋಗದಿಂದ ಆಗುಂಬೆಗೆ ಬನ್ನಿ. ಸಂಜೆಯ ಸೂರ್ಯ ಕೆಂಪಗಾಗಿ ಅಂಚಿಗೆ ತಾಗಿದ್ದಾನೆ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದಾರೆ. ನಿಜ ಹೇಳಲೇ? ಅವನು ಆಗಲೇ ಕ್ಷಿತಿಜದ ಕೆಳಗೆ ಇಳಿದುಬಿಟ್ಟಿರುತ್ತಾನೆ! ಗಾಳಿಯ ಪದರಗಳು ಬೆಳಕನ್ನು ಬಾಗಿಸಿ ಅವನ ಬಿಂಬವನ್ನು ಮೇಲಕ್ಕೆ ಎತ್ತಿ ತೋರಿಸುತ್ತಿರುತ್ತವೆ. ಅದೂ ಸುಮಾರು 8 ನಿಮಿಷ 20 ಸೆಕೆಂಡು ಹಿಂದೆ ಹೊರಟ ಬೆಳಕು.

ನಿಮ್ಮ ಹೆಬ್ಬೆರಳನ್ನು ನೀವೇ ಮಾಯ ಮಾಡಬಲ್ಲಿರಿ! ಎರಡೂ ತೋಳು ಚಾಚಿ, ಹೆಬ್ಬೆರಳುಗಳನ್ನು ಜೋಡಿಸಿ ನಿಲ್ಲಿಸಿ. ಎಡಗಣ್ಣು ಮುಚ್ಚಿ. ಬಲಗಣ್ಣಿನಿಂದ ಎಡ ಹೆಬ್ಬೆರಳನ್ನೇ ನೋಡುತ್ತ ಬಲ ಹೆಬ್ಬೆರಳನ್ನು ನಿಧಾನವಾಗಿ ಬಲಕ್ಕೆ ಸರಿಸಿ. ಒಂದು ಗೇಣಿಗೆ ತುಸು ಕಡಿಮೆ ದೂರದಲ್ಲಿ ಬೆರಳ ತುದಿ ಕಾಣೆ! ಅದು ಕಣ್ಣಿನ ಕುರುಡುಚುಕ್ಕೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಮರಿಯೊಟ್ ಇದನ್ನು ಕಂಡುಹಿಡಿದರು. ದಿನವಿಡೀ ಆ ತೂತಿಗೆ ಮಿದುಳು ಸುತ್ತಲಿನ ಬಣ್ಣದಿಂದ ತೇಪೆ ಹಾಕುತ್ತಿರುತ್ತದೆ. ನಮಗೆ ಸುಳಿವೇ ಇಲ್ಲ!

1688ರಲ್ಲಿ ಡಬ್ಲಿನ್‌ನ ವಿಲಿಯಂ ಮಾಲಿನ್ಯೂ ಅವರು ಜಾನ್ ಲಾಕ್‌ಗೆ ಒಂದು ಕಾಗದ ಬರೆದರು. ಹುಟ್ಟುಕುರುಡನೊಬ್ಬ ಗೋಲವನ್ನೂ ಘನವನ್ನೂ ಮುಟ್ಟಿ ಬಲ್ಲ. ಅವನಿಗೆ ದೃಷ್ಟಿ ಬಂದರೆ, ಮುಟ್ಟದೆ, ಬರೀ ನೋಡಿಯೇ ಯಾವುದು ಯಾವುದೆಂದು ಹೇಳಬಲ್ಲನೇ? ಮಾಲಿನ್ಯೂ ಅವರ ಹೆಂಡತಿಗೂ ಕಣ್ಣು ಕಾಣುತ್ತಿರಲಿಲ್ಲ. ಆ ಪ್ರಶ್ನೆ ಎಲ್ಲಿಂದ ಬಂದಿರಬಹುದೆಂದು ನೆನೆದರೆ ಮನಸ್ಸು ಕರಗುತ್ತದೆ. ನೇರ ಉತ್ತರ ಸಿಕ್ಕಿದ್ದು ಎಲ್ಲಿ ಗೊತ್ತೇ? ನಮ್ಮ ಭಾರತದಲ್ಲಿ! ಪವನ್ ಸಿನ್ಹಾ ಅವರ ‘ಪ್ರಕಾಶ್’ ಯೋಜನೆಯಲ್ಲಿ ದೃಷ್ಟಿ ಪಡೆದ ಐವರು ಮಕ್ಕಳನ್ನು ಪರೀಕ್ಷಿಸಿದ ವರದಿ 2011ರಲ್ಲಿ ಬಂತು. ಮುಟ್ಟಿ ತಿಳಿದ ಆಕಾರವನ್ನು ಕಣ್ಣು ಮೊದಲಿಗೆ ಗುರುತಿಸಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕಲಿತುಬಿಟ್ಟಿತು!

ಅಜ್ಜಿ ಸೆರಗು ಮುಚ್ಚಿಕೊಂಡು ಫಕ್ಕನೆ ಮುಖ ತೋರಿಸಿದರೆ ಕೂಸು ಕಿಲಕಿಲ ನಗುತ್ತದೆ. ಮರೆಯಾದ ವಸ್ತು ಇನ್ನೂ ಇದೆ ಎಂಬ ಅರಿವು ಮಗುವಿಗೆ ಸುಮಾರು 8 ತಿಂಗಳ ಹೊತ್ತಿಗೆ ಮೂಡುತ್ತದೆಂದು ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಹೇಳಿದರು. ಅವರು ನೋಡಿ ನೋಡಿ ಬರೆದುಕೊಂಡದ್ದು ತಮ್ಮದೇ ಮೂವರು ಮಕ್ಕಳನ್ನು! ಅದಕ್ಕೂ ಎಳೆಯ ಕೂಸುಗಳಿಗೇ ಇದು ಗೊತ್ತು ಎಂದು ಆಮೇಲಿನ ಪ್ರಯೋಗಗಳು ತೋರಿಸಿದವು.

ನಮ್ಮ ನಾಡಿನಲ್ಲಿ ಈ ವಾದ ನಡೆದದ್ದು ಒಂದು ಚಿಪ್ಪಿನ ಮೇಲೆ! ಕಡಲ ದಂಡೆಯಲ್ಲಿ ಏನೋ ಥಳಥಳ ಹೊಳೆಯಿತು. ಬೆಳ್ಳಿ ಎಂದು ಓಡಿ ಹೋಗಿ ಎತ್ತಿದರೆ ಕಪ್ಪೆಚಿಪ್ಪು. ಹಾಗಾದರೆ ಕ್ಷಣದ ಹಿಂದೆ ಕಂಡ ಬೆಳ್ಳಿ ಏನು? ಎಲ್ಲಿತ್ತು? ಎಲ್ಲಿ ಹೋಯಿತು? ಈ ಒಂದು ಬೆಳ್ಳಿಗಾಗಿ ನಮ್ಮ ಶಾಸ್ತ್ರಕಾರರು ಬರೆದ ಗ್ರಂಥಗಳನ್ನು ಪೇರಿಸಿದರೆ ಕಪಾಟು ಸಾಲದು!

ಶಂಕರಾಚಾರ್ಯರ ಅದ್ವೈತ ಏನೆನ್ನುತ್ತದೆ? ಆ ಬೆಳ್ಳಿ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಇಲ್ಲ ಎಂದರೆ ಕಂಡದ್ದು ಹೇಗೆ? ಇದೆ ಎಂದರೆ ಹೋದದ್ದು ಹೇಗೆ?

ರಾಮಾನುಜಾಚಾರ್ಯರ ಉತ್ತರ ಕೇಳಿದರೆ ಬೆರಗಾಗುತ್ತೀರಿ. ಚಿಪ್ಪಿನಲ್ಲಿ ನಿಜಕ್ಕೂ ಚೂರು ಬೆಳ್ಳಿಯ ಅಂಶ ಇದೆ! ಎಲ್ಲ ವಸ್ತುಗಳಲ್ಲೂ ಎಲ್ಲ ಭೂತಗಳು ಬೆರೆತಿವೆ, ಆದ್ದರಿಂದ ಕಂಡದ್ದು ಸುಳ್ಳಲ್ಲ. ಅಂಶ ಸ್ವಲ್ಪವೇ ಇದ್ದದ್ದರಿಂದ ಉಪಯೋಗಕ್ಕೆ ಬರಲಿಲ್ಲ, ಅಷ್ಟೇ. ಕನಸು? ಅದೂ ಸುಳ್ಳಲ್ಲವಂತೆ. ಆ ಒಬ್ಬನಿಗಾಗಿ, ಆ ಒಂದು ಹೊತ್ತಿಗಾಗಿ ಭಗವಂತನೇ ಆ ವಸ್ತುಗಳನ್ನು ಸೃಷ್ಟಿಸುತ್ತಾನೆ! ನಿನ್ನೆ ರಾತ್ರಿಯ ನಿಮ್ಮ ಕನಸನ್ನು ಈಗ ಇನ್ನೊಮ್ಮೆ ನೆನೆಸಿಕೊಳ್ಳಿ.

ಮಧ್ವಾಚಾರ್ಯರು ಖಡಾಖಂಡಿತ. ಬೆಳ್ಳಿ ಅಲ್ಲಿ ಇರಲೇ ಇಲ್ಲ, ಇಲ್ಲದ್ದನ್ನು ಇದೆ ಎಂದುಕೊಂಡೆವು. ಆದರೆ ಚಿಪ್ಪು? ಅದು ಸತ್ಯ. ಜಗತ್ತೂ ಸತ್ಯ. ಜಡಕ್ಕೂ ಜಡಕ್ಕೂ ನಡುವಿನ ಭೇದವೂ ಸತ್ಯ, ಒಟ್ಟು ಐದು ಭೇದಗಳು ಸತ್ಯ!

ಇನ್ನೊಬ್ಬರಿದ್ದಾರೆ, ಮೀಮಾಂಸಕ ಪ್ರಭಾಕರ. ತಪ್ಪು ತಿಳಿವಳಿಕೆ ಎನ್ನುವುದೇ ಲೋಕದಲ್ಲಿ ಇಲ್ಲ ಎಂದರು! ಎದುರಿಗೆ ‘ಇದು’ ಕಂಡಿತು, ನಿಜ. ‘ಬೆಳ್ಳಿ’ ನೆನಪಾಯಿತು, ಅದೂ ನಿಜ. ಎರಡರ ನಡುವಿನ ಅಂತರ ಗಮನಕ್ಕೆ ಬರಲಿಲ್ಲ, ಅಷ್ಟೇ.

ಮೂವರು ಆಚಾರ್ಯರೂ ಕರ್ನಾಟಕಕ್ಕೆ ನಂಟರು, ಗಮನಿಸಿದಿರಾ? ತುಂಗೆಯ ದಡದ ಶೃಂಗೇರಿ, ರಾಮಾನುಜರು ಹಲವು ವರ್ಷ ನೆಲೆಸಿದ ಮೇಲುಕೋಟೆ, ಮಧ್ವರ ಉಡುಪಿ. ಒಂದು ಚಿಪ್ಪಿನ ಮೂರು ಉತ್ತರಗಳನ್ನು ಬಸ್ಸು ಹತ್ತಿ ಹೋಗಿ ಕಂಡು ಬರಬಹುದು!

ಜಗತ್ತು ಮಿಥ್ಯೆ ಎಂದ ಶಂಕರರು ಹೊರಗಿನ ವಸ್ತುಗಳ ಪರವಾಗಿ ವಾದಿಸಿದ್ದು ನಿಮಗೆ ಗೊತ್ತೇ? ಎಲ್ಲವೂ ಮನಸ್ಸಿನೊಳಗೇ, ಹೊರಗಿರುವಂತೆ ತೋರುತ್ತದೆ ಅಷ್ಟೇ ಎಂದಿದ್ದ ಬೌದ್ಧರಿಗೆ ಬ್ರಹ್ಮಸೂತ್ರ ಭಾಷ್ಯದಲ್ಲಿ ಅವರು ಕೊಟ್ಟ ಏಟು ನೋಡಿ. ‘ಹೊರಗಿರುವಂತೆ’ ಎನ್ನುತ್ತೀರಲ್ಲ, ಹೊರಗೆಂಬುದೇ ಇಲ್ಲದಿದ್ದರೆ ಆ ಹೋಲಿಕೆ ಎಲ್ಲಿಂದ ಬಂತು? ವಿಷ್ಣುಮಿತ್ರ ಬಂಜೆಯ ಮಗನಂತೆ ಕಾಣುತ್ತಾನೆ ಎಂದು ಯಾರಾದರೂ ಹೇಳುತ್ತಾರೆಯೇ! ಹೊಟ್ಟೆ ತುಂಬ ಉಣ್ಣುತ್ತಲೇ ನಾನು ಉಣ್ಣುತ್ತಿಲ್ಲ, ತೃಪ್ತಿಯೂ ಆಗಿಲ್ಲ ಎನ್ನುವವನ ಮಾತಿನ ಹಾಗಾಯಿತು ಇದು ಎಂದೂ ಸೇರಿಸಿದರು.

ಆ ಬೌದ್ಧರೂ ಸಾಮಾನ್ಯರಲ್ಲ. ಇಂದಿನ ಪೇಷಾವರದ ಕಡೆಯವರಾದ ವಸುಬಂಧು ಪರಮಾಣುವನ್ನೇ ಇಕ್ಕಟ್ಟಿಗೆ ಸಿಕ್ಕಿಸಿದರು. ಒಂದು ಪರಮಾಣುವಿಗೆ ಆರು ದಿಕ್ಕಿನಿಂದ ಆರು ಪರಮಾಣು ಅಂಟಿದರೆ ಅದಕ್ಕೆ ಆರು ಭಾಗ ಇದ್ದಂತಾಯಿತು. ಭಾಗವೇ ಇಲ್ಲ ಎಂದರೆ ಏಳೂ ಒಂದೇ ಚುಕ್ಕೆಯಲ್ಲಿ ಅಡಗಿಬಿಡುತ್ತವೆ. ಹಾಗಾದರೆ ಗುಡ್ಡ ಎಲ್ಲಿಂದ ಬಂತು? ಸಾವಿರದೈನೂರು ವರ್ಷಗಳ ಹಿಂದಿನ ತರ್ಕವಿದು!

ಅದ್ವೈತಿಗಳಲ್ಲೇ ಪ್ರಕಾಶಾನಂದ ಎಂಬವರು ಬರ್ಕ್ಲಿಗಿಂತ ಮುಂಚೆಯೇ ನೋಟವೇ ಸೃಷ್ಟಿ ಎಂದುಬಿಟ್ಟಿದ್ದರು. ದೃಷ್ಟಿಸೃಷ್ಟಿವಾದ! ನೋಡಿದಾಗ ಉಂಟು, ನೋಡದಿದ್ದಾಗ ಇಲ್ಲ.

ಇತ್ತ ಜಗತ್ತು ಸತ್ಯವೆಂದು ಪಟ್ಟು ಹಿಡಿದವರು ಬನ್ನೂರಿನಲ್ಲಿ ಹುಟ್ಟಿ ವಿಜಯನಗರದಲ್ಲಿ ಬೆಳಗಿದ ವ್ಯಾಸತೀರ್ಥರು. ಅವರ ‘ನ್ಯಾಯಾಮೃತ’ ಜಗತ್ತು ಮಿಥ್ಯೆ ಎನ್ನುವ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ಹಾಕಿತು. ಅದಕ್ಕೆ ಮಧುಸೂದನ ಸರಸ್ವತಿಯವರು ‘ಅದ್ವೈತಸಿದ್ಧಿ’ ಬರೆದು ಮಾತಿಗೆ ಮಾತು ಉತ್ತರ ಕೊಟ್ಟರು. ಅದಕ್ಕೆ ವ್ಯಾಸರಾಮಾಚಾರ್ಯರ ‘ತರಂಗಿಣಿ’. ಅದಕ್ಕೆ ಬ್ರಹ್ಮಾನಂದರ ‘ಚಂದ್ರಿಕೆ’! ತಲೆಮಾರು ತಲೆಮಾರು ದಾಟಿ ಪುಸ್ತಕಕ್ಕೆ ಪುಸ್ತಕವೇ ಉತ್ತರ. ಎದುರಾಳಿಯ ಮಾತನ್ನು ಮೊದಲು ನಿಷ್ಠೆಯಿಂದ ವಿವರಿಸಿ ಆಮೇಲೆ ಖಂಡಿಸುವ ಆ ಶಿಸ್ತಿಗೆ ಕೈ ಮುಗಿಯಬೇಕು. ವ್ಯಾಸತೀರ್ಥರ ಬೃಂದಾವನ ಆನೆಗೊಂದಿ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ಹಂಪಿಗೆ ಹೋದವರು ದಯವಿಟ್ಟು ಅಲ್ಲಿಗೂ ಹೋಗಿ ಬನ್ನಿ.

ಐನ್‌ಸ್ಟೀನ್ ಮತ್ತು ರವೀಂದ್ರನಾಥ ಠಾಕೂರರ ನಡುವೆ ಒಂದು ಮೇಜಿನ ಮೇಲೆ ವಾದ ನಡೆದಿತ್ತು! 1930ರ ಜುಲೈ 14, ಬರ್ಲಿನ್ ಬಳಿಯ ಕಾಪುತ್‌ನಲ್ಲಿ ಐನ್‌ಸ್ಟೀನರ ಮನೆ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಈ ಮೇಜು ಇದ್ದಲ್ಲೇ ಇರುತ್ತದೆ ಎಂದರು ಐನ್‌ಸ್ಟೀನ್. ಒಬ್ಬರ ಮನಸ್ಸಿನಿಂದ ಹೊರಗಿರಬಹುದು, ವಿಶ್ವಮನಸ್ಸಿನಿಂದ ಹೊರಗಿಲ್ಲ ಎಂದರು ಠಾಕೂರರು. ಮನುಷ್ಯರಿಲ್ಲದಿದ್ದರೆ ಸೌಂದರ್ಯ ಇರದು ಎಂಬುದನ್ನು ಐನ್‌ಸ್ಟೀನ್ ಒಪ್ಪಿದರು. ಸತ್ಯದ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ರುಜುವಾತು ಮಾಡಲಾರೆ, ಅದು ನನ್ನ ಶ್ರದ್ಧೆ ಎಂದರು. ಕೊನೆಗೆ, ಹಾಗಾದರೆ ನಿಮಗಿಂತ ನಾನೇ ಹೆಚ್ಚು ಧಾರ್ಮಿಕ ಎಂದುಬಿಟ್ಟರು! ವಿಜ್ಞಾನಿ ಕವಿಗೆ ಹೇಳಿದ ಮಾತಿದು.

ಕಾಣದ ವಸ್ತುವನ್ನು ನಂಬುವುದು ಹೇಗೆ? ಪರಮಾಣು ಇದೆ ಎಂದವರನ್ನು ಆಸ್ಟ್ರಿಯದ ದೊಡ್ಡ ವಿಜ್ಞಾನಿ ಅರ್ನ್ಸ್ಟ್ ಮಾಖ್ ನಂಬುತ್ತಿರಲಿಲ್ಲ. ಅಂಥ ದೊಡ್ಡವರೇ ಪರಮಾಣುವನ್ನು ಒಪ್ಪದಿದ್ದ ಕಾಲವೂ ಇತ್ತು ಎಂದು ಇಂದಿನ ಶಾಲಾಮಕ್ಕಳಿಗೆ ಹೇಳಿದರೆ ನಗುತ್ತಾರೆ. 1989ರಲ್ಲಿ 35 ಕ್ಸೆನಾನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಐಬಿಎಂ ಎಂಬ ಮೂರು ಅಕ್ಷರ ಬರೆದದ್ದೂ ಆಯಿತು!

ಪರಮಾಣುವಾದರೂ ಪರವಾಗಿಲ್ಲ. ನ್ಯೂಟ್ರಿನೊ ನೋಡಿ. 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಲೆಕ್ಕ ಸರಿದೂಗಿಸಲು ಒಂದು ಕಾಣದ ಕಣವಿದೆ ಎಂದು ಊಹಿಸಿದರು. ಅದು ಸಿಕ್ಕಿದ್ದು 1956ರಲ್ಲಿ. 26 ವರ್ಷ ಅದನ್ನು ಯಾರೂ ಹಿಡಿದಿರಲಿಲ್ಲ. ಆದರೆ ಅದು ಆಗಲೂ ಎಲ್ಲರ ಮೈಯೊಳಗೆ ಹಾದು ಹೋಗುತ್ತಲೇ ಇತ್ತು! ಸೂರ್ಯನಿಂದ ಬರುವವೇ ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,500 ಕೋಟಿ!

ಕಾಸ್ಮಿಕ್ ಕಿರಣಗಳು ವಾಯುಮಂಡಲಕ್ಕೆ ಬಡಿದಾಗಲೂ ನ್ಯೂಟ್ರಿನೊ ಹುಟ್ಟುತ್ತದೆ. ಅಂಥ ನ್ಯೂಟ್ರಿನೊದ ಸುಳಿವು ಜಗತ್ತಿನಲ್ಲೇ ಮೊದಮೊದಲು ಸಿಕ್ಕ ಜಾಗಗಳಲ್ಲಿ ಒಂದು ಎಲ್ಲಿದೆ ಗೊತ್ತೇ? ನಮ್ಮ ಕೋಲಾರದ ಚಿನ್ನದ ಗಣಿ! 1965ರಲ್ಲಿ ಕೆಜಿಎಫ್‌ನ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಕಾದು ಕುಳಿತಿದ್ದರು. ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯುತ್ತದೆ, ನ್ಯೂಟ್ರಿನೊವನ್ನು ತಡೆಯಲಾರದು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲೂ ಅದೇ ವರ್ಷ ಸಿಕ್ಕಿತು. ಆಕಾಶದ ಕಣವನ್ನು ಕಾಣಲು ಪಾತಾಳಕ್ಕೆ ಇಳಿಯಬೇಕಾಯಿತು! ಕೋಲಾರ ಎಂದರೆ ಚಿನ್ನವನ್ನಷ್ಟೇ ನೆನೆಯುವವರಿಗೆ ಇದನ್ನು ಖಂಡಿತ ಹೇಳಿ.

ಐನ್‌ಸ್ಟೀನರ ಚಂದ್ರನ ಕಥೆ ಏನಾಯಿತು? ಬೆಲ್ಫಾಸ್ಟ್‌ನಲ್ಲಿ ಹುಟ್ಟಿದ ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಒಂದು ಲೆಕ್ಕ ಹಾಕಿದರು. ಕಣಗಳ ಗುಣಗಳೆಲ್ಲ ಅಳೆಯುವ ಮೊದಲೇ ನಿಗದಿಯಾಗಿರುತ್ತವೆ ಎನ್ನುವುದು ಒಂದು. ಯಾವ ಪ್ರಭಾವವೂ ಬೆಳಕಿಗಿಂತ ಬೇಗ ಸಾಗದು ಎನ್ನುವುದು ಇನ್ನೊಂದು. ಎರಡೂ ಸರಿಯಾದರೆ ಅಳತೆಗಳು ಒಂದು ಮಿತಿ ಮೀರಬಾರದು. ಆಮೇಲಿನವರು ಪ್ರಯೋಗ ಮಾಡಿದರು. ಮಿತಿ ಮೀರಿತು! ಅಂದರೆ ಎರಡರಲ್ಲಿ ಒಂದನ್ನಾದರೂ ಬಿಡಲೇಬೇಕು. ಈ ಪ್ರಯೋಗಗಳಿಗಾಗಿ ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರಿಗೂ 2022ರಲ್ಲಿ ನೊಬೆಲ್ ಬಂತು. ಇಲ್ಲಿ ‘ನೋಡುವುದು’ ಎಂದರೆ ಮನುಷ್ಯನ ಕಣ್ಣೇ ಆಗಬೇಕಿಲ್ಲ, ಉಪಕರಣ ಸಾಕು. ಇದನ್ನು ಮರೆತು ಏನೇನೋ ಹೇಳುವವರಿದ್ದಾರೆ, ಎಚ್ಚರ! ಅಂದಹಾಗೆ ಬರ್ಕ್ಲಿ, ಮಾಲಿನ್ಯೂ, ಬೆಲ್ ಮೂವರೂ ಒಂದೇ ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದವರು!

ನಾನೊಬ್ಬನೇ ಇರುವುದು, ಉಳಿದದ್ದೆಲ್ಲ ನನ್ನ ಮನಸ್ಸಿನ ಕಲ್ಪನೆ ಎನ್ನುವ ವಾದವೂ ಉಂಟು. ಬರ್ಟ್ರಂಡ್ ರಸೆಲ್‌ಗೆ ಒಮ್ಮೆ ತರ್ಕಶಾಸ್ತ್ರಜ್ಞೆ ಕ್ರಿಸ್ಟೀನ್ ಲ್ಯಾಡ್ ಫ್ರಾಂಕ್ಲಿನ್ ಪತ್ರ ಬರೆದರಂತೆ. ನಾನು ಈ ವಾದವನ್ನು ನಂಬುತ್ತೇನೆ, ಬೇರೆ ಯಾರೂ ನಂಬುತ್ತಿಲ್ಲವಲ್ಲ ಎಂದು ಆಶ್ಚರ್ಯವಾಗಿದೆ ಎಂದು! ಬೇರೆ ಯಾರೂ ಎಂದರೆ ಯಾರು?

ಕೊನೆಗೆ ಮತ್ತೆ ಬರ್ಕ್ಲಿ. 1866ರಲ್ಲಿ ಕ್ಯಾಲಿಫೋರ್ನಿಯದ ಒಂದು ಊರಿಗೆ ಅವರ ಹೆಸರಿಟ್ಟರು. ಆ ಊರಿನ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಹೊಸದೊಂದು ಮೂಲವಸ್ತು ಸಿಕ್ಕಿತು. ಪರಮಾಣು ಸಂಖ್ಯೆ 97. ಊರಿನ ಹೆಸರನ್ನೇ ಅದಕ್ಕೂ ಇಟ್ಟರು, ಬರ್ಕೀಲಿಯಂ! ಜಡವಸ್ತುವೇ ಇಲ್ಲ ಎಂದವರ ಹೆಸರಿನಲ್ಲಿ ಈಗ ಒಂದು ಜಡವಸ್ತು ಇದೆ!

117ನೇ ಮೂಲವಸ್ತುವನ್ನು ಸೃಷ್ಟಿಸಲು ಅಮೆರಿಕದ ಓಕ್ ರಿಜ್‌ನಲ್ಲಿ ತಿಂಗಳುಗಟ್ಟಲೆ ದುಡಿದು ಈ ಬರ್ಕೀಲಿಯಂ ತಯಾರಿಸಿದರು. ಸಿಕ್ಕಿದ್ದು ಬರೀ 22 ಮಿಲಿಗ್ರಾಂ. ಸೀಸದ ಪೆಟ್ಟಿಗೆಯಲ್ಲಿಟ್ಟು ರಷ್ಯಕ್ಕೆ ವಿಮಾನದಲ್ಲಿ ಕಳಿಸಿದರು. ಕಾಗದಪತ್ರ ಸರಿಯಿಲ್ಲವೆಂದು ಎರಡು ಬಾರಿ ವಾಪಸು! ಪೆಟ್ಟಿಗೆ ಒಟ್ಟು ಐದು ಸಲ ಅಟ್ಲಾಂಟಿಕ್ ದಾಟಿತು. ವಿಜ್ಞಾನಿಗಳಿಗೆ ಜೀವ ಕೈಯಲ್ಲಿ. ಏಕೆಂದರೆ ಸೀಸದೊಳಗೆ, ಕತ್ತಲಲ್ಲಿ, ಯಾರ ಕಣ್ಣೂ ಇಲ್ಲದೆಯೇ ಅದು ಸವೆಯುತ್ತಿತ್ತು. ಸುಮಾರು 330 ದಿನಕ್ಕೆ ಅರ್ಧ!